ಗೌಂಡಿಯ ಅನುಭವಕ್ಕೂ ಕಾಗದ ಬೇಕು: ನಾಲ್ಕು ತಾಲೂಕುಗಳ ಕಟ್ಟಡ ಕೆಲಸಗಾರರಿಗೆ ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಗೌಂಡಿಗಳಿಗೆ, ಮೇಸ್ತ್ರಿಗಳಿಗೆ, ಸೆಂಟ್ರಿಂಗ್ ಮತ್ತು ಬಾರ್ ಬೆಂಡಿಂಗ್ ಕೆಲಸಗಾರರಿಗೆ, ಪೇಟಿ ಗುತ್ತಿಗೆ ಹಿಡಿದು ಕೆಲಸ ಮಾಡಿಸುವ ಎಲ್ಲ ಅಣ್ಣ-ಅಕ್ಕಂದಿರಿಗೆ,



2019ರ ಆಗಸ್ಟ್‌ನಲ್ಲಿ ಮಲಪ್ರಭೆ ದಂಡೆ ಮೀರಿ ಹರಿದಾಗ ರಾಮದುರ್ಗ, ಸವದತ್ತಿ ತಾಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಒಮ್ಮೆಲೇ ಬರಲಿಲ್ಲ, ಕೆಲಸ ಮುಂದುವರಿದಂತೆ ಕಂತಿನಲ್ಲಿ ಬಂತು. ಪ್ರತಿ ಹಂತದಲ್ಲೂ ಮನೆಯ ಫೋಟೊ ಜಿಪಿಎಸ್ ಗುರುತಿನೊಂದಿಗೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ದಾಖಲೆ ಸೇರಿತು. ಅದರಲ್ಲಿ ಫಲಾನುಭವಿಯ ಹೆಸರಿದೆ, ಊರು ಇದೆ, ಮನೆ ಎಷ್ಟರ ಮಟ್ಟಿಗೆ ಎದ್ದಿದೆ ಎಂಬುದಿದೆ. ಪಾಯ ತೆಗೆದವರ, ಕಲ್ಲು ಕಟ್ಟಿದವರ, ಗಿಲಾವ ಮಾಡಿದವರ ಹೆಸರಿಗೆ ಅಲ್ಲಿ ಜಾಗವೇ ಇಲ್ಲ.

ಆ ಮನೆಗಳನ್ನು ಕಟ್ಟಿದ ಕೈಗಳು ನಿಮ್ಮವು. ಅಂಥ ಒಬ್ಬ ಗೌಂಡಿ ನಾಳೆ ತನ್ನೂರಿನ ಅಂಗನವಾಡಿ ಕಟ್ಟಡವನ್ನು ತಾನೇ ಗುತ್ತಿಗೆ ಹಿಡಿದು ಕಟ್ಟುತ್ತೇನೆ ಎಂದು ಹೊರಟರೆ ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಅನುಭವದ ಸರ್ಟಿಫಿಕೇಟ್ ಎಲ್ಲಿದೆ?’ ಅಷ್ಟು ಮನೆ ಕಟ್ಟಿದವರ ಹತ್ತಿರ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಈ ಪತ್ರ ಬರೆಯಲು ಕಾರಣ ಅದೇ ಚೀಟಿ.

ಮೊದಲು ನಿಯಮ ಹೇಗಿದೆ ನೋಡೋಣ. ಊರಲ್ಲಿ ಲೈಸನ್ಸ್ ಎಂದು ಕರೆಯುವುದು ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ನೋಂದಣಿಯನ್ನು. ಅದರಲ್ಲಿ ನಾಲ್ಕು ದರ್ಜೆಗಳಿವೆ. ನಾಲ್ಕನೆಯದು ಕೆಳಗಿನ ಮೆಟ್ಟಿಲು, ಒಂದನೆಯದು ಮೇಲಿನದು. ಪ್ರತಿ ದರ್ಜೆಗೂ ಕಾಮಗಾರಿಯ ಮೊತ್ತದ ಮಿತಿ ಬೇರೆ, ಠೇವಣಿ ಬೇರೆ, ಬ್ಯಾಂಕಿನಿಂದ ತರಬೇಕಾದ ಸಾಲ್ವೆನ್ಸಿ ಪ್ರಮಾಣಪತ್ರದ ಮೊತ್ತವೂ ಬೇರೆ. ದರ್ಜೆ ಏರಬೇಕಾದರೆ ಕೆಳಗಿನ ದರ್ಜೆಯಲ್ಲಿ ಮಾಡಿ ಮುಗಿಸಿದ ಕೆಲಸಗಳ ಪ್ರಮಾಣಪತ್ರ ಕೊಡಬೇಕು.

ನೋಂದಣಿ ಸಿಕ್ಕ ಕೂಡಲೇ ಕೆಲಸ ಸಿಗುವುದೂ ಇಲ್ಲ. ಸರ್ಕಾರಿ ಕೆಲಸ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಚೌಕಟ್ಟಿನಲ್ಲಿ ಟೆಂಡರ್ ಮೂಲಕ ಹೋಗುತ್ತದೆ. ಕೋಟಿ ರೂಪಾಯಿ ದಾಟಿದ ಕಾಮಗಾರಿಗಳಿಗೆ ಬಳಸುವ ‘ಕೆಡಬ್ಲ್ಯು-4’ ಎಂಬ ಮಾದರಿ ಟೆಂಡರ್ ದಾಖಲೆಯನ್ನು ತೆರೆದು ನೋಡಿದರೆ ಅನುಭವದ ಷರತ್ತುಗಳು ಸಾಲಾಗಿ ಕಾಣುತ್ತವೆ. ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಇಂತಿಷ್ಟು ವಹಿವಾಟು ಇರಬೇಕು. ಅದೇ ಬಗೆಯ ಒಂದು ಕೆಲಸವನ್ನಾದರೂ ಮುಖ್ಯ ಗುತ್ತಿಗೆದಾರನಾಗಿ ಮುಗಿಸಿರಬೇಕು. ಯಾವುದಾದರೂ ಒಂದು ವರ್ಷದಲ್ಲಿ ಇಂತಿಷ್ಟು ಘನ ಮೀಟರ್ ಕಾಂಕ್ರೀಟ್, ಇಂತಿಷ್ಟು ಮಣ್ಣು ಕೆಲಸ ಮಾಡಿರಬೇಕು.

‘ಮುಖ್ಯ ಗುತ್ತಿಗೆದಾರನಾಗಿ’ ಎಂಬ ಈ ಷರತ್ತೇ ನಿಮ್ಮಂಥ ಸಾವಿರಾರು ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಸಬ್ ಗುತ್ತಿಗೆದಾರನ ಅನುಭವವನ್ನು ಅರ್ಹತೆಗೆ ಲೆಕ್ಕ ಹಿಡಿಯುವುದಿಲ್ಲ ಎಂದು ಮಾದರಿ ದಾಖಲೆ ಬಿಡಿಸಿ ಹೇಳುತ್ತದೆ. ಮೇಲಿನವರು ಟೆಂಡರ್ ಹಿಡಿದು, ತಮ್ಮ ಪಾಲು ಇಟ್ಟುಕೊಂಡು, ಕೆಲಸವನ್ನು ಪೇಟಿ ಗುತ್ತಿಗೆಗೆ ಬಿಡುತ್ತಾರೆ. ಆಳು ಹೊಂದಿಸುವವರು, ಮರಳು-ಜಲ್ಲಿ ತರಿಸುವವರು, ಸ್ಲ್ಯಾಬ್ ಹಾಕುವ ದಿನ ನಸುಕಿನಿಂದ ರಾತ್ರಿಯವರೆಗೆ ನಿಂತು ನೋಡುವವರು ನೀವು. ಕೆಲಸ ಮುಗಿದಾಗ ಅನುಭವ ಸೇರುವುದು ಟೆಂಡರ್ ಹಿಡಿದವರ ಖಾತೆಗೆ. ಮರುವರ್ಷ ಅವರು ಅದೇ ಪತ್ರ ತೋರಿಸಿ ಇನ್ನೂ ದೊಡ್ಡ ಕೆಲಸ ಹಿಡಿಯುತ್ತಾರೆ. ನೀವು ಇದ್ದಲ್ಲೇ ಉಳಿಯುತ್ತೀರಿ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಅಳತೆ ಪುಸ್ತಕವನ್ನು ಹತ್ತಿರದಿಂದ ನೋಡಬೇಕು. ಇಲಾಖೆಯಲ್ಲಿ ‘ಎಂ.ಬಿ.’ ಎನ್ನುವ ಈ ಪುಸ್ತಕದಲ್ಲಿ ಮೊದಲಿಗೆ ಕಾಮಗಾರಿಯ ಹೆಸರು, ಗುತ್ತಿಗೆದಾರರ ಹೆಸರು, ಕರಾರಿನ ಸಂಖ್ಯೆ, ದಿನಾಂಕ ಬರೆಯುತ್ತಾರೆ. ಕೆಳಗೆ ಸಂಖ್ಯೆ, ಉದ್ದ, ಅಗಲ, ಎತ್ತರ, ಒಟ್ಟು ಪ್ರಮಾಣ ಎಂಬ ಅಂಕಣಗಳು. ಪಾಯದ ಕಲ್ಲುಕಟ್ಟಡ 20 ಮೀಟರ್ ಉದ್ದ, 0.60 ಮೀಟರ್ ಅಗಲ, 0.90 ಮೀಟರ್ ಎತ್ತರ ಬಂದಿದ್ದರೆ ಕೊನೆಯ ಅಂಕಣದಲ್ಲಿ 10.80 ಘನ ಮೀಟರ್ ಎಂದು ಬೀಳುತ್ತದೆ. ಎಂಜಿನಿಯರ್ ಸಹಿ ಮಾಡುತ್ತಾರೆ, ಮೇಲಿನ ಅಧಿಕಾರಿ ಅಳತೆ ತಾಳೆ ನೋಡಿ ಸಹಿ ಮಾಡುತ್ತಾರೆ, ಗುತ್ತಿಗೆದಾರರು ಒಪ್ಪಿ ಸಹಿ ಮಾಡುತ್ತಾರೆ. ಬಿಲ್ಲು ಹುಟ್ಟುವುದು ಈ ಪುಟದಿಂದ, ಮುಂದೆ ಅನುಭವದ ಪ್ರಮಾಣಪತ್ರ ಹುಟ್ಟುವುದೂ ಇದರಿಂದಲೇ. ಒಳಂಬೆ ಹಿಡಿದು ಆ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದವರ ಹೆಸರು ಬರೆಯುವ ಅಂಕಣ ಆ ಪುಟದಲ್ಲಿಲ್ಲ.

ಟೆಂಡರ್ ದಾಖಲೆಯಲ್ಲಿರುವ ಇನ್ನೊಂದು ಲೆಕ್ಕವೂ ನಿಮಗೆ ಗೊತ್ತಿರಬೇಕು. ಅದು ಟೆಂಡರ್ ಸಾಮರ್ಥ್ಯದ ಸೂತ್ರ. ಕಳೆದ ಐದು ವರ್ಷಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತವನ್ನು, ಹೊಸ ಕೆಲಸಕ್ಕೆ ಕೊಟ್ಟ ಅವಧಿ ಎಷ್ಟು ವರ್ಷವೋ ಅದರಿಂದ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿ, ಕೈಯಲ್ಲಿ ಬಾಕಿ ಇರುವ ಕೆಲಸದ ಮೊತ್ತವನ್ನು ಕಳೆಯಬೇಕು. ಒಬ್ಬರು ಒಂದು ವರ್ಷ 40 ಲಕ್ಷದ ಕೆಲಸ ಮಾಡಿದ್ದಾರೆ, ಈಗ ಕೈಯಲ್ಲಿ 25 ಲಕ್ಷದ ಕೆಲಸ ಇದೆ ಎಂದುಕೊಳ್ಳಿ. ಒಂದು ವರ್ಷದ ಹೊಸ ಕೆಲಸಕ್ಕೆ ಅವರ ಸಾಮರ್ಥ್ಯ 60 ಲಕ್ಷದಲ್ಲಿ 25 ಲಕ್ಷ ಕಳೆದು 35 ಲಕ್ಷ. ಪೇಟಿ ಗುತ್ತಿಗೆಯಲ್ಲೇ ಆ 40 ಲಕ್ಷದ ಕೆಲಸ ಮಾಡಿದವರ ಸಾಮರ್ಥ್ಯ ಈ ಸೂತ್ರದಲ್ಲಿ ಸೊನ್ನೆ.

ಇದಕ್ಕೆ ಹಲವರು ಹುಡುಕಿಕೊಂಡ ದಾರಿ ಇನ್ನೊಬ್ಬರ ಲೈಸನ್ಸ್ ಮೇಲೆ ಕೆಲಸ ಮಾಡುವುದು. ಲೈಸನ್ಸ್ ಕೊಟ್ಟವರಿಗೆ ನೂರಕ್ಕೆ ಇಂತಿಷ್ಟು ಎಂದು ಕೊಡುವುದು ಗುತ್ತಿಗೆ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದರಿಂದ ಹಾಳಾಗುವುದು ನಿಮ್ಮದೇ ನಾಳೆ. ಬಿಲ್ಲಿನ ಹಣ ಅವರ ಖಾತೆಗೆ ಹೋಗುತ್ತದೆ, ವಹಿವಾಟು ಅವರ ಹೆಸರಿಗೆ ಬೀಳುತ್ತದೆ. ಹಣ ಕೊಡದೆ ಕೈಯೆತ್ತಿದರೆ ಕೇಳಲು ನಿಮ್ಮ ಹತ್ತಿರ ಕರಾರು ಇರುವುದಿಲ್ಲ. ಕಾರ್ಯಾದೇಶದ ಕಾಗದ ಕೈಗೆ ಬರುವ ಮೊದಲೇ ಬಾಯಿಮಾತಿನ ಮೇಲೆ ಕೆಲಸ ಶುರು ಮಾಡುವುದು ಇನ್ನೂ ಅಪಾಯ. ನಮ್ಮದೇ ಜಿಲ್ಲೆಯ ಹಿಂಡಲಗಾದಲ್ಲಿ ಕಾರ್ಯಾದೇಶವಿಲ್ಲದೆ ಮಾಡಿದ ಕಾಮಗಾರಿಗಳ ಬಿಲ್ಲು ಬರಲಿಲ್ಲ ಎಂಬ ದೂರು 2022ರ ಏಪ್ರಿಲ್‌ನಲ್ಲಿ ಒಬ್ಬ ಯುವ ಗುತ್ತಿಗೆದಾರರ ಸಾವಿನವರೆಗೆ ಹೋಯಿತು. ಇಡೀ ರಾಜ್ಯ ಆ ಸುದ್ದಿ ಓದಿತು. ಅದನ್ನು ಮರೆಯಬಾರದ ಜನ ನೀವು.

ಕೈಕೆಲಸದವರ ಅನುಭವವನ್ನು ಅಳೆಯುವುದು ಅಸಾಧ್ಯ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ರಾಜ್ಯದಲ್ಲೇ ವಿದ್ಯುತ್ ಕೆಲಸದವರಿಗೆ ಬೇರೆ ವ್ಯವಸ್ಥೆ ಇದೆ. ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ವೈರ್‌ಮನ್‌ಗೆ ಪರ್ಮಿಟ್ ಸಿಗುತ್ತದೆ, ಸೂಪರ್‌ವೈಸರ್‌ಗೆ ಪರ್ಮಿಟ್ ಸಿಗುತ್ತದೆ, ಅದರ ಮೇಲೆ ಗುತ್ತಿಗೆದಾರರ ಲೈಸನ್ಸ್. ಪರ್ಮಿಟ್ ಇರುವುದು ಆ ವ್ಯಕ್ತಿಯ ಹೆಸರಿಗೆ, ಅವನಿಗೆ ಕೂಲಿ ಕೊಟ್ಟವರ ಹೆಸರಿಗಲ್ಲ. ತಂತಿ ಎಳೆಯುವವನ ಕೌಶಲವನ್ನು ಸರ್ಕಾರ ಗುರುತಿಸಬಲ್ಲದಾದರೆ ಗೋಡೆ ಎತ್ತುವವನ ಕೌಶಲವನ್ನು ಏಕೆ ಗುರುತಿಸಬಾರದು?

ದೂರದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಗುತ್ತಿಗೆದಾರರ ಲೈಸನ್ಸ್ ಕೊಡುವುದಕ್ಕೇ ಒಂದು ರಾಜ್ಯ ಮಂಡಳಿ ಇದೆ. ಅದು ಕೇಳುವುದು ಹಿಂದಿನ ಹತ್ತು ವರ್ಷಗಳಲ್ಲಿ ನಾಲ್ಕು ವರ್ಷದ ಅನುಭವ. ಪಳಗಿದ ಕೆಲಸಗಾರನಾಗಿ, ಮೇಸ್ತ್ರಿಯಾಗಿ ಅಥವಾ ಗುತ್ತಿಗೆದಾರನಾಗಿ ದುಡಿದ ಕಾಲ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆ ಕೆಲಸವನ್ನು ಕಣ್ಣಾರೆ ಕಂಡ ಮಾಲೀಕ, ಮೇಲ್ವಿಚಾರಕ ಅಥವಾ ಜೊತೆ ಕೆಲಸಗಾರ ಸಹಿ ಮಾಡಿ ಸಾಕ್ಷಿ ಹೇಳಬೇಕು. ಆಮೇಲೆ ಪರೀಕ್ಷೆ ಬರೆಯಬೇಕು. ಓದು, ತರಬೇತಿಯನ್ನೂ ಅನುಭವದ ಒಂದು ಭಾಗಕ್ಕೆ ಬದಲಿಯಾಗಿ ಒಪ್ಪುತ್ತಾರೆ. ಸುಳ್ಳು ಸಾಕ್ಷಿಯ ತೊಂದರೆ ಅಲ್ಲೂ ಇರುತ್ತದೆ, ಅದಕ್ಕೇ ದಾಖಲೆ ಕೇಳಿ ಪರಿಶೀಲಿಸುವ ಅಧಿಕಾರ ಮಂಡಳಿಗಿದೆ. ಅಲ್ಲಿ ಮೇಸ್ತ್ರಿಯ ನಾಲ್ಕು ವರ್ಷ ಲೈಸನ್ಸಿನ ಬಾಗಿಲು ತೆರೆಯುತ್ತದೆ. ಇಲ್ಲಿ ಮೇಸ್ತ್ರಿಯ ಇಪ್ಪತ್ತು ವರ್ಷಕ್ಕೂ ಬೆಲೆಯಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ರಾಮದುರ್ಗ ದಾಟಿದ ಮಲಪ್ರಭೆ ಮುಂದೆ ಪಟ್ಟದಕಲ್ಲಿಗೆ ಹೋಗುತ್ತಾಳೆ. ಎಂಟನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಸೂತ್ರಧಾರಿಯ ಹೆಸರಿದೆ: ಗುಂಡ, ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಕಟ್ಟಿಸಿದವರ ಜೊತೆಗೆ ಕಟ್ಟಿದವರ ಹೆಸರನ್ನೂ ದಾಖಲಿಸುವ ಪದ್ಧತಿ ಇದೇ ಹೊಳೆಯ ದಂಡೆಯಲ್ಲಿ ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಇತ್ತು.

ಈಗ ಕೆಲಸ ಕಡಿಮೆಯಿದೆ ಎಂದಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೊಸ ರೈಲು ಮಾರ್ಗ ಬರಬೇಕಿದೆ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಸ್ಮಾರಕ, ಸೈನಿಕ ಶಾಲೆ ಎದ್ದಿವೆ. ಮಲಪ್ರಭೆಯ ಕಾಲುವೆಗಳ ದುರಸ್ತಿ, ಶಾಲಾ ಕೊಠಡಿ, ಸಿ.ಸಿ. ರಸ್ತೆ, ಗಟಾರ, ಸಮುದಾಯ ಭವನ ಇವು ಎಂದೂ ನಿಲ್ಲುವ ಕೆಲಸಗಳಲ್ಲ. ಆದರೆ ಸಣ್ಣ ಕೆಲಸಗಳನ್ನು ಒಟ್ಟುಗೂಡಿಸಿ ಒಂದು ಪ್ಯಾಕೇಜ್ ಮಾಡಿದರೆ ಮೊತ್ತ ಏರುತ್ತದೆ, ಅದರೊಂದಿಗೆ ಅನುಭವದ ಷರತ್ತೂ ಏರುತ್ತದೆ. ಹತ್ತು ಊರಿನ ಹತ್ತು ಜನ ಮಾಡಬಹುದಾದ ಕೆಲಸ ಹೊರಗಿನ ಒಬ್ಬರ ಪಾಲಾಗುತ್ತದೆ. ಪ್ಯಾಕೇಜ್ ಪದ್ಧತಿ ಬೇಡ ಎಂದು ರಾಜ್ಯ ಗುತ್ತಿಗೆದಾರರ ಸಂಘ ಹೇಳುತ್ತಲೇ ಬಂದಿರುವುದು ಸಣ್ಣವರ ಪಾಲಿಗೆ ಸರಿಯಾದ ಮಾತು.

ಮೀಸಲಾತಿ ಕೆಲವರಿಗೆ ಬಾಗಿಲು ತೆರೆದಿದೆ. ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿಟ್ಟರು. ಮೊದಲು 50 ಲಕ್ಷದವರೆಗಿನ ಕೆಲಸಗಳಿಗಿದ್ದ ಇದನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿದರು. ಪ್ರವರ್ಗ 1 ಮತ್ತು 2ಎ ವರ್ಗದವರಿಗೂ ಆಮೇಲೆ ಪಾಲು ಸಿಕ್ಕಿತು. ನಿಮ್ಮಲ್ಲಿ ಬಹಳ ಜನ ಈ ವರ್ಗಗಳಿಗೆ ಸೇರಿದವರು. ಆದರೂ ಮೀಸಲು ಟೆಂಡರಿಗೆ ಅರ್ಜಿ ಹಾಕಲು ಮೊದಲು ನೋಂದಣಿ ಬೇಕು. ಕಾಗದವಿಲ್ಲದವರಿಗೆ ಮೀಸಲಾತಿಯೂ ದಕ್ಕುವುದಿಲ್ಲ. ನೋಂದಣಿ ಇದ್ದು ಕೆಲಸ ಮಾಡದವರು ಮೀಸಲು ಟೆಂಡರ್ ಹಿಡಿದು, ನಿಮಗೇ ಪೇಟಿ ಬಿಡುವ ಸ್ಥಿತಿ ಬರಬಾರದು.

ಹಾಗಾದರೆ ಈಗಿನ ನಿಯಮದೊಳಗೇ ಏನು ಮಾಡಬಹುದು?

ಮೊದಲು ಕಟ್ಟಡ ಕಾರ್ಮಿಕರ ಕಾರ್ಡು. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ. ಕಟ್ಟಡಗಳ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಆ ಹಣವನ್ನು ನಿಮಗಾಗಿಯೇ ಇಟ್ಟಿದ್ದಾರೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಕೊಟ್ಟರೆ ಹೆಸರು ನೋಂದಾಯಿಸಬಹುದು. ಗಾರೆ ಹೊರುವ, ಇಟ್ಟಿಗೆ ಕೊಡುವ ಅಕ್ಕಂದಿರಿಗೂ ಇದು ಸಲ್ಲುತ್ತದೆ. ಗಂಡನ ಕಾರ್ಡು ಇದೆಯಲ್ಲ ಎಂದು ಸುಮ್ಮನಿರಬೇಡಿ, ನಿಮ್ಮ ದುಡಿಮೆಗೆ ನಿಮ್ಮದೇ ಕಾರ್ಡು ಮಾಡಿಸಿ. ಸರ್ಕಾರ ನಿಮ್ಮ ಕೆಲಸದ ದಿನಗಳನ್ನು ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳುವ ಜಾಗ ಸದ್ಯಕ್ಕೆ ಇದು. ಹಾಗೆಯೇ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ ಕೆಲಸವೂ ಇದೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ ಅದರಲ್ಲಿದೆ. ಇವೆರಡೂ ಗುತ್ತಿಗೆದಾರ ಲೈಸನ್ಸ್ ಕೊಡುವುದಿಲ್ಲ, ಆದರೆ ನೀವು ಈ ಕಸುಬಿನವರು ಎಂಬುದಕ್ಕೆ ಸರ್ಕಾರದ ಮುದ್ರೆ ಬೀಳುತ್ತದೆ.

ಎರಡನೆಯದು ಹಣದ ದಾರಿ. ಪೇಟಿ ಗುತ್ತಿಗೆ ಹಿಡಿದಾಗ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಳ್ಳಿ: ಯಾವ ಕೆಲಸ, ಯಾವ ದರ, ಎಷ್ಟು ಪ್ರಮಾಣ, ಹಣ ಯಾವಾಗ. ಹಣವನ್ನು ಕೈಯಲ್ಲಿ ತೆಗೆದುಕೊಳ್ಳದೆ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಗುತ್ತಿಗೆ ಹಣ ಆದಾಯ ತೆರಿಗೆ ಕಾಯ್ದೆಯ ಮಿತಿ ದಾಟಿದರೆ ವ್ಯಕ್ತಿಗಳಿಗೆ ಕೊಡುವಾಗ ಶೇ 1ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮಾ ಆಗಿದೆಯೇ ಎಂದು ನೋಡಿ, ವರ್ಷವರ್ಷ ರಿಟರ್ನ್ ಸಲ್ಲಿಸಿ. ವಹಿವಾಟು 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಾಲ್ವೆನ್ಸಿ ಕೇಳಲು ಬ್ಯಾಂಕಿಗೆ ಹೋದ ದಿನ ಮ್ಯಾನೇಜರ್ ನೋಡುವುದು ಈ ಕಾಗದಗಳನ್ನೇ.

ಮೂರನೆಯದು, ನಾಲ್ಕನೇ ದರ್ಜೆಯ ನೋಂದಣಿಯನ್ನು ಮುಂದೂಡಬೇಡಿ. ಬೇಕಾದ ದಾಖಲೆಗಳ ಪಟ್ಟಿಯನ್ನು ಏಜೆಂಟರ ಬಾಯಿಂದ ಕೇಳದೆ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಿಂದ ಪಡೆಯಿರಿ. ಒಂದು ಗಟಾರವಾಗಲಿ, ಶಾಲೆಯ ಕಂಪೌಂಡ್ ಗೋಡೆಯಾಗಲಿ, ನಿಮ್ಮ ಹೆಸರಿನಲ್ಲೇ ಹಿಡಿಯಿರಿ. ಕೊನೆಯ ಬಿಲ್ಲು ಪಾಸಾದ ಕೂಡಲೇ ಕೆಲಸ ಮುಗಿಸಿದ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರಲ್ಲಿ ಕಾಮಗಾರಿಯ ಹೆಸರು, ಕರಾರಿನ ಸಂಖ್ಯೆ, ಟೆಂಡರ್ ಮೊತ್ತ, ಶುರುವಾದ ಮತ್ತು ಮುಗಿದ ದಿನಾಂಕ, ಕೊನೆಯ ಬಿಲ್ಲಿನ ಮೊತ್ತ, ಮುಖ್ಯ ಬಾಬುಗಳ ಪ್ರಮಾಣ ಇರಲೇಬೇಕು. ವರ್ಷ ಕಳೆದ ಮೇಲೆ ಹೋದರೆ ಅಧಿಕಾರಿ ವರ್ಗವಾಗಿರುತ್ತಾರೆ, ಕಡತ ಸಿಗುವುದಿಲ್ಲ.

ಒಬ್ಬರಿಂದ ಆಗದ್ದು ಹತ್ತಾರು ಜನ ಸೇರಿದರೆ ಆಗುತ್ತದೆ ಎಂಬುದಕ್ಕೆ ಕೇರಳದ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರ ಸಂಘ ದೊಡ್ಡ ಸಾಕ್ಷಿ. ಕೋಯಿಕ್ಕೋಡ್ ಜಿಲ್ಲೆಯ ವಡಕರದ ಹತ್ತಿರ 1925ರಲ್ಲಿ 14 ಕೂಲಿ ಕಾರ್ಮಿಕರು ಆರಾಣೆ ಬಂಡವಾಳದಿಂದ ಅದನ್ನು ಕಟ್ಟಿದರು. ಕೂಲಿಯವರೇ ಸದಸ್ಯರು, ಅವರೇ ಮಾಲೀಕರು. ಮಾಡಿದ ಪ್ರತಿ ಕೆಲಸದ ಅನುಭವ ಸಂಘದ ಹೆಸರಿಗೆ ಸೇರುತ್ತ ಬಂತು. ಒಬ್ಬ ಕೆಲಸಗಾರ ಮುದುಕನಾದರೂ ಸಂಘದ ಅನುಭವ ಉಳಿಯಿತು, ಬೆಳೆಯಿತು. ಇಂದು ಕಾಸರಗೋಡಿನ ಕನ್ನಡಿಗರು ದಿನವೂ ಓಡಾಡುವ ತಲಪಾಡಿ–ಚೆಂಗಳ ನಡುವಿನ ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದ ಗುತ್ತಿಗೆ ಪಡೆದು ಕಟ್ಟಿದ್ದು ಇದೇ ಸಂಘ.

ಪಕ್ಕದ ಮಹಾರಾಷ್ಟ್ರದಲ್ಲೂ ಲೋಕೋಪಯೋಗಿ ಇಲಾಖೆಯ ಸಣ್ಣ ಕೆಲಸಗಳನ್ನು ಹಂಚುವಾಗ ಶೇ 33 ಮಜೂರ ಸಹಕಾರಿ ಸಂಸ್ಥೆಗಳಿಗೆ, ಶೇ 33 ನಿರುದ್ಯೋಗಿ ಎಂಜಿನಿಯರ್‌ಗಳಿಗೆ, ಉಳಿದ ಶೇ 34 ಇತರ ಗುತ್ತಿಗೆದಾರರಿಗೆ ಎಂಬ ಪದ್ಧತಿ ಇದೆ. ಕರಣಿ ಹಿಡಿಯದವರೂ ಮಜೂರ ಸಂಸ್ಥೆ ಸೇರಿಕೊಂಡ ದೂರುಗಳು ಅಲ್ಲಿ ಬಂದಿವೆ, ಆ ಎಚ್ಚರ ನಮಗೂ ಬೇಕು. ಆದರೆ ದಾರಿ ಇದೆ ಎಂಬುದು ನಿಜ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಕ್ಕರೆ ಕಾರ್ಖಾನೆಗೆ, ಹಾಲಿಗೆ, ಪತ್ತಿಗೆ ಸಹಕಾರ ಸಂಘ ಕಟ್ಟಿದ ಬೆಳಗಾವಿ ಜಿಲ್ಲೆಯ ಜನಕ್ಕೆ ಗೌಂಡಿಗಳ ಸಂಘ ಕಟ್ಟುವುದು ಕಷ್ಟವಲ್ಲ. ಗೌಂಡಿ, ಸೆಂಟ್ರಿಂಗ್‌ನವರು, ಬಾರ್ ಬೆಂಡರ್, ವೈರ್‌ಮನ್, ಪ್ಲಂಬರ್, ಜೊತೆಗೆ ಡಿಪ್ಲೊಮಾ ಮಾಡಿ ಕೆಲಸ ಹುಡುಕುತ್ತಿರುವ ನಿಮ್ಮೂರಿನ ಒಬ್ಬ ಹುಡುಗ ಅಥವಾ ಹುಡುಗಿ, ಇಷ್ಟು ಜನ ಒಂದು ಸಂಘದಲ್ಲಿದ್ದರೆ ಕಟ್ಟಡಕ್ಕೆ ಬೇಕಾದ ಕಸುಬುಗಳೆಲ್ಲ ಅದರೊಳಗೇ ಇರುತ್ತವೆ.

ಸರ್ಕಾರದಿಂದ ಕೇಳಬೇಕಾದದ್ದು ಮೂರು. ಕಾರ್ಮಿಕ ಮಂಡಳಿಯಲ್ಲಿ ದಾಖಲಾದ ಗೌಂಡಿ, ಮೇಸ್ತ್ರಿಯ ವರ್ಷಗಳನ್ನು, ಒಂದು ಕೌಶಲ ಪರೀಕ್ಷೆ ಇಟ್ಟು, ಕೆಳಗಿನ ದರ್ಜೆಯ ನೋಂದಣಿಗೆ ಅನುಭವ ಎಂದು ಒಪ್ಪಬೇಕು. ಇಲಾಖೆಯ ಒಪ್ಪಿಗೆಯಿಂದ ಸಬ್ ಗುತ್ತಿಗೆ ಮಾಡಿದವರ ಹೆಸರು ಮತ್ತು ಪ್ರಮಾಣವನ್ನು ದಾಖಲೆಯಲ್ಲಿ ಬರೆದು ಅವರಿಗೂ ಪ್ರಮಾಣಪತ್ರ ಕೊಡಬೇಕು. ಊರ ಮಟ್ಟದ ಸಣ್ಣ ಕಾಮಗಾರಿಗಳನ್ನು ಪ್ಯಾಕೇಜ್ ಮಾಡದೆ, ಒಂದು ಪಾಲನ್ನು ನಿಜವಾದ ಕಾರ್ಮಿಕರ ಸಹಕಾರ ಸಂಘಗಳಿಗೆ ಮೀಸಲಿಡಬೇಕು. ಇದರಿಂದ ಗುಣಮಟ್ಟ ಕೆಡುವುದಿಲ್ಲ, ಏಕೆಂದರೆ ಈಗಲೂ ಆ ಕೆಲಸ ಮಾಡುತ್ತಿರುವ ಕೈಗಳು ನಿಮ್ಮವೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. ನಾಲ್ವರು ಶಾಸಕರು ಚಳಿಗಾಲದ ಅಧಿವೇಶನಕ್ಕೆ ಕೂರುವುದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಮುಂದಿನ ಅಧಿವೇಶನಕ್ಕೆ ಮೊದಲು ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಒಂದೊಂದು ಸಭೆ ಸೇರಿ. ಈ ಮೂರು ಬೇಡಿಕೆಗಳನ್ನು ಬರೆದು, ಎಲ್ಲರೂ ಸಹಿ ಹಾಕಿ, ಹೆಬ್ಬೆಟ್ಟು ಒತ್ತುವವರು ಹೆಬ್ಬೆಟ್ಟು ಒತ್ತಿ, ಕಾರ್ಮಿಕ ಕಾರ್ಡಿನ ಸಂಖ್ಯೆಯೊಂದಿಗೆ ನಿಮ್ಮ ಶಾಸಕರ ಕೈಗೆ ಕೊಡಿ. ಸದನದಲ್ಲಿ ಪ್ರಶ್ನೆ ಕೇಳುತ್ತೇವೆ ಎಂಬ ಮಾತನ್ನು ಅವರಿಂದ ಪಡೆದೇ ಹಿಂತಿರುಗಿ.